ಕಟ್ಟದ ಸಮಿತಿಗೆ ಜನ ಆರಿಸುವುದು: ಓಟು ಎಲ್ಲಿ, ಪರೀಕ್ಷೆ ಎಲ್ಲಿ, ಚೀಟಿ ಎಲ್ಲಿ

ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರು, ಪೆರ್ಲದ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಎಲ್ಲಿ ಕೊರೆಯಬೇಕೆಂದು ಯಾರೂ ಓಟು ಹಾಕಿ ತೀರ್ಮಾನಿಸುವುದಿಲ್ಲ. ಗುಡ್ಡದ ಮರ, ಮುರಕಲ್ಲಿನ ತೇವ ನೋಡಿ ಹೇಳಬಲ್ಲವರನ್ನು ಕರೆಸುತ್ತಾರೆ. ಆದರೆ ನೀರು ಬಂದ ಮೇಲೆ ಅದು ಮೊದಲು ಯಾರ ತೋಟಕ್ಕೆ ಎಂಬುದನ್ನು ಅವರ ಕೈಗೆ ಬಿಡುವುದಿಲ್ಲ. ಚುನಾವಣೆ ದೊಡ್ಡದೋ ಯೋಗ್ಯತೆ ದೊಡ್ಡದೋ ಎಂಬ ಜಗಳದಲ್ಲಿ ಅರ್ಧಕ್ಕರ್ಧ ಹುಟ್ಟುವುದೇ ಈ ಎರಡು ಕೆಲಸಗಳನ್ನು ಒಂದೇ ಮತಪತ್ರಕ್ಕೆ ತುರುಕುವುದರಿಂದ.

ಇಲ್ಲಿ ಹೇಳುವುದು 40ರಿಂದ 80 ಮನೆಗಳ ಕೂಟಕ್ಕೆ: ತೋಡಿಗೆ (ಸಣ್ಣ ಹಳ್ಳಕ್ಕೆ) ವರ್ಷವರ್ಷ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಕಟ್ಟುವ ಸಮಿತಿ, ಕುಡಿಯುವ ನೀರಿನ ಬಳಕೆದಾರರ ಗುಂಪು, ವಾಚನಾಲಯ, ಯುವಕ ಮಂಡಲ. ಸಹಕಾರಿ ಸಂಘಕ್ಕೂ ಪಂಚಾಯತಿಗೂ ಇದನ್ನು ಒಯ್ಯಬೇಡಿ. ಅಲ್ಲಿ ಚುನಾವಣೆ ನಡೆಸುವುದು ಚುನಾವಣಾ ಆಯೋಗ, ನಿಯಮ ಕಾನೂನಿನದ್ದು. ನೋಂದಾಯಿತ ಸಂಘವಾದರೆ ಮೊದಲು ಮಹಾಸಭೆಯಲ್ಲಿ ಬೈಲಾ ತಿದ್ದಿಕೊಳ್ಳಿ. ಇಲ್ಲದಿದ್ದರೆ ಸೋತವರು ಮರುದಿನವೇ ಆಯ್ಕೆಯನ್ನು ಪ್ರಶ್ನಿಸುತ್ತಾರೆ, ಅವರ ಮಾತು ನಿಲ್ಲುತ್ತದೆ ಕೂಡ.

ಮೊದಲ ಕೆಲಸ, ಒಂದು ಹಾಳೆಯಲ್ಲಿ ಹುದ್ದೆಯ ಹೆಸರು ಬರೆಯದೆ ಬರೀ ಕೆಲಸ ಬರೆಯುವುದು. ಮನೆಮನೆಯ ವಂತಿಗೆ ಎತ್ತಿ ಪುಸ್ತಕಕ್ಕೆ ಏರಿಸುವುದು. ಪಂಪು ಕೆಟ್ಟರೆ ಯಾರಿಗೆ ಹೇಳಬೇಕೆಂದು ತಿಳಿದಿರುವುದು. ಕಟ್ಟದ ಎತ್ತರ ನಿರ್ಧರಿಸುವುದು. ಯಾವ ಮನೆಗೆ ರಿಯಾಯಿತಿ, ಎಷ್ಟು ಎಂದು ತೀರ್ಮಾನಿಸುವುದು. ಪ್ರತಿ ಸಾಲಿನ ಎದುರು ಒಂದೇ ಪ್ರಶ್ನೆ: ಇದು ತಪ್ಪಾದರೆ ಅಂಕಿಯಲ್ಲೋ ನೀರಿನಲ್ಲೋ ಕಾಣುತ್ತದೆಯೇ, ಅಥವಾ ಯಾರಿಗೋ ಅನ್ಯಾಯವಾಯಿತೆಂದು ಕಾಣುತ್ತದೆಯೇ? ಮೊದಲನೆಯದು ಯೋಗ್ಯತೆಯ ಕೆಲಸ, ಎರಡನೆಯದು ಓಟಿನದು. ಕಟ್ಟದ ಎತ್ತರ ಎರಡೂ ಹೌದು: ಎಷ್ಟು ಎತ್ತರ ತಡೆದುಕೊಳ್ಳುತ್ತದೆ ಎಂಬುದು ಬಲ್ಲವರ ಮಾತು, ಆ ಎತ್ತರಕ್ಕೆ ಯಾರ ಗದ್ದೆ ಮುಳುಗುತ್ತದೆ ಎಂಬುದು ಎಲ್ಲರ ಮಾತು. ಅದನ್ನು ಎರಡು ಸಾಲು ಮಾಡಿ.

ಓಟಿನ ದೋಷ ತಿಳಿಯಲು ದೂರ ಹೋಗಬೇಕಿಲ್ಲ. 2016ರ ಮಂಜೇಶ್ವರ ವಿಧಾನಸಭಾ ಚುನಾವಣೆಯಲ್ಲಿ ಗೆದ್ದವರಿಗೂ ಎರಡನೆಯವರಿಗೂ ಇದ್ದ ಅಂತರ 89 ಓಟು. ತ್ರಿಕೋನ ಸ್ಪರ್ಧೆಯಾದ್ದರಿಂದ ಅರ್ಧಕ್ಕಿಂತ ಹೆಚ್ಚು ಓಟು ಗೆದ್ದವರಿಗೆ ಬಿದ್ದದ್ದಲ್ಲ. ಇದು ಯಾರ ತಪ್ಪೂ ಅಲ್ಲ, ಒಂದೇ ಗುರುತು ಹಾಕಿಸುವ ಪದ್ಧತಿಯ ಗುಣ. ನಿಮ್ಮ 60 ಮನೆಗಳಲ್ಲಿ 24, 19, 17 ಎಂದು ಹಂಚಿದರೂ ಇದೇ ಕಥೆ: 36 ಮನೆಗಳ ಓಟು ಬೀಳದವರು ಅಧ್ಯಕ್ಷರು. ಮದ್ದು ಸುಲಭ. ‘ನಿಮಗೆ ಒಪ್ಪಿಗೆಯಿರುವ ಎಲ್ಲರ ಹೆಸರಿಗೂ ಗುರುತು ಹಾಕಿ’ ಎನ್ನಿ. ಹೆಚ್ಚು ಗುರುತು ಬಿದ್ದವರು ಗೆದ್ದರು. ಕೈಯೆತ್ತಿಸಬೇಡಿ, ಚೀಟಿಯಲ್ಲೇ ಆಗಲಿ. ಕೈಯೆತ್ತಿಸಿದರೆ ಸಾಲ ಕೊಟ್ಟವರ ಮುಖ ನೋಡಿಕೊಂಡು ಕೈ ಏಳುತ್ತದೆ. ನಮ್ಮ ಕಡೆಯ ಇನ್ನೊಂದು ಕಾಯಿಲೆ ‘ಅವಿರೋಧ ಆಯ್ಕೆ’. ಊಟದ ಹೊತ್ತಾಯಿತು ಎಂಬ ಕಾರಣಕ್ಕೆ ಅವಿರೋಧವಾಗಿ ಆಯ್ಕೆಯಾದವರು ಎಷ್ಟು ಮಂದಿಯೋ.

ಈಗ ಯೋಗ್ಯತೆ. ಖಜಾಂಚಿಯನ್ನು ‘ಒಳ್ಳೆ ಜನ’ ಎಂದು ಆರಿಸಬೇಡಿ. ಒಳ್ಳೆಯವರೂ ಕೂಡುವುದು ತಪ್ಪುತ್ತಾರೆ. ಹತ್ತು ವೋಚರ್ ಕೊಡಿ, ಅದರಲ್ಲಿ ಒಂದಕ್ಕೆ ತಾರೀಕಿಲ್ಲ, ಒಂದರ ಮೊತ್ತ ತಪ್ಪು, ಒಂದು ಎರಡು ಸಲ ಬಂದಿದೆ. ಅರ್ಧ ಗಂಟೆಯಲ್ಲಿ ನಗದು ಪುಸ್ತಕಕ್ಕೆ ಏರಿಸಿ ಶಿಲ್ಕು (ಉಳಿದ ಹಣ) ತೆಗೆಯಬೇಕು, ಮೂರು ತಪ್ಪಿನಲ್ಲಿ ಕನಿಷ್ಠ ಎರಡನ್ನು ಹಿಡಿಯಬೇಕು. ಪ್ರಶ್ನೆ ತಯಾರಿಸುವವರು ಸ್ಪರ್ಧಿಗಳೂ ಅಲ್ಲ, ಅವರ ನೆಂಟರೂ ಅಲ್ಲ. ಲಕೋಟೆ ಒಡೆಯುವುದು ಸಭೆಯ ಎದುರು.

ರ‍್ಯಾಂಕ್ ಕೊಡಬೇಡಿ, ಪಾಸು ಮಾತ್ರ ನೋಡಿ. ನಿಮಿಷ ಲೆಕ್ಕ ಹಾಕಿ ಮೊದಲಿಗರು ಯಾರೆಂದರೆ ಅದು ಯೋಗ್ಯತೆಯಲ್ಲ, ಅವತ್ತಿನ ಕೈಬರಹದ ವೇಗ. ಪಾಸಾದವರ ನಡುವೆ ಓಟು ನಡೆಯಲಿ.

ಯೋಗ್ಯತೆಯ ದೊಡ್ಡ ಮೋಸವಿರುವುದು ಜರಡಿಯಲ್ಲಿ. ಜರಡಿ ಮಾಡಿದವರು ಯಾರು, ತೂತು ಎಷ್ಟು ಅಗಲ? ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಅವರ ಕೈಯಲ್ಲಿ ಪದವಿಯೂ ಇತ್ತು, ರ‍್ಯಾಂಕೂ ಇತ್ತು. ಅವರ ಯೋಗ್ಯತೆ ಸುಳ್ಳಲ್ಲ, ಮಕ್ಕಳ ಎದುರಿನ ಕೆಲಸಕ್ಕೆ ಅದು ಸಲ್ಲಲಿಲ್ಲ ಅಷ್ಟೆ. ಆದ್ದರಿಂದ ಪರೀಕ್ಷೆ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಮರಾಠಿ, ತುಳು, ಬ್ಯಾರಿ ಆಡುವವರು ಬಾಯಲ್ಲಿ ಉತ್ತರಿಸಿದರೂ ಸಾಕು. ಪಂಪು ನೋಡುವವರಿಗಂತೂ ಬರವಣಿಗೆಯೇ ಬೇಡ. ನೀರೆಳೆಯುವ ಕೊಳವೆಯ ಕೆಳತುದಿಯ ಫೂಟ್‌ವಾಲ್ವ್ ಸೋರಿದರೆ ಏನಾಗುತ್ತದೆ ಎಂದು ಕೇಳಿ, ನೀರು ಹಿಂದಕ್ಕಿಳಿದು ಪಂಪು ಗಾಳಿ ಎಳೆಯುತ್ತದೆ ಎಂದರೆ ಮುಗಿಯಿತು.

ತಮಿಳುನಾಡಿನ ಉತ್ತರಮೇರೂರಿನ ಶಾಸನದಲ್ಲಿ ಈ ಜರಡಿಯ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಸಿಗುತ್ತದೆ. ಒಂದನೆಯ ಪರಾಂತಕ ಚೋಳನ ಕಾಲ, ಸುಮಾರು 921. ಊರಿನ ಸಮಿತಿಗಳಿಗೆ ಜನ ಆರಿಸಲು 30 ಭಾಗಗಳಿಂದ ಹೆಸರು ಬರೆದ ಓಲೆ ಕೊಡಕ್ಕೆ ಬೀಳುತ್ತಿತ್ತು, ಆರಿಸುತ್ತಿದ್ದುದು ಅದರಿಂದ ಎತ್ತಿ. ಹೆಸರು ಹಾಕಲು ವಯಸ್ಸು 35ರಿಂದ 70ರೊಳಗೆ, ತೆರಿಗೆ ಕಟ್ಟುವ ಜಮೀನು, ಸ್ವಂತ ಮನೆ, ವೇದದ ತಿಳಿವಳಿಕೆ ಬೇಕು. ಜಮೀನು, ವೇದ ಎಂಬ ಆ ತೂತುಗಳಲ್ಲಿ ಊರಿನ ಬಹುತೇಕ ಜನ ಇಳಿಯುವಂತೆಯೇ ಇರಲಿಲ್ಲ. ಆದರೆ ಹೊರಗಿಡುವ ನಿಯಮಗಳು ಇವತ್ತಿಗೂ ನಕಲು ಮಾಡುವಂಥವು: ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನೂ ಅವನ ಹತ್ತಿರದ ನೆಂಟರೂ ಹೊರಗೆ, ಕಳೆದ ಮೂರು ವರ್ಷ ಸಮಿತಿಯಲ್ಲಿದ್ದವನೂ ಹೊರಗೆ. ನಿಮ್ಮ ಬೈಲಾಗೆ ಈ ಎರಡನ್ನು ಸೇರಿಸಿದರೆ ಅರ್ಧ ಜಗಳ ತಪ್ಪುತ್ತದೆ. ‘ಉತ್ತಮ ನಡತೆ’ಯಂಥ ಷರತ್ತು ಮಾತ್ರ ಬೇಡ, ಅದನ್ನು ಅಳೆಯುವವರು ಯಾರು ಎಂಬಲ್ಲಿಗೆ ಮತ್ತೆ ಬರುತ್ತೀರಿ.

ಲೆಕ್ಕ ತನಿಖೆಗೆ ಓಟೂ ಬೇಡ, ಪರೀಕ್ಷೆಯೂ ಬೇಡ. ಚೀಟಿ ಎತ್ತಿ. ಓಟಿನಲ್ಲಿ ಬಂದ ತನಿಖೆಯವರು ಗೆದ್ದ ಪಕ್ಷದ ಬಾಲವಾಗುತ್ತಾರೆ. ಚೀಟಿಯಲ್ಲಿ ಬಂದವರಿಗೆ ಯಾರ ಋಣವೂ ಇಲ್ಲ. ಒಂದೇ ಅಳತೆಯ ಕಾಗದದಲ್ಲಿ ಮನೆಗೊಂದರಂತೆ ಚೀಟಿ, ಒಬ್ಬರೇ ಬರೆದು ನಾಲ್ಕು ಮಡಿಕೆ. ಹಾಕುವ ಮೊದಲು ಕೊಡ ಬೋರಲು ಹಾಕಿ ತೋರಿಸಿ, ಚೀಟಿ ಎಣಿಸಿ ಸಂಖ್ಯೆ ಕೂಗಿ. ಉತ್ತರಮೇರೂರಿನಲ್ಲಿ ಎತ್ತುತ್ತಿದ್ದುದು ಏನೂ ಅರಿಯದ ಹುಡುಗ, ಓಲೆ ತೆಗೆದುಕೊಳ್ಳುವ ಮಧ್ಯಸ್ಥ ಐದೂ ಬೆರಳು ಬಿಡಿಸಿ ಅಂಗೈ ಚಾಚಬೇಕಿತ್ತು. ಕೈಚಳಕಕ್ಕೆ ಅವರೂ ಹೆದರಿದ್ದರು ಎಂದಾಯಿತು. ಮೂವರನ್ನು ಎತ್ತಿ, ಇಬ್ಬರನ್ನು ಮೀಸಲಿಡಿ. ಆ ದಿನ ಮಂಗಳೂರಿನಲ್ಲಿ ಕೆಲಸವಿದೆ ಎನ್ನುವವರು ಇದ್ದೇ ಇರುತ್ತಾರೆ.

ಮೂವರಿಗೂ ಲೆಕ್ಕ ಬಾರದಿದ್ದರೆ? 1785ರಲ್ಲಿ ಫ್ರಾನ್ಸಿನ ಕಾಂಡೊರ್ಸೆ ತೋರಿಸಿದ ಗಣಿತ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿಯೊಬ್ಬರೂ ನೂರಕ್ಕೆ 60 ಸಲ ಸರಿ ಹೇಳುವವರಾದರೆ, ಪರಸ್ಪರ ನಕಲು ಮಾಡದ ಮೂವರ ಬಹುಮತ ಸರಿಯಾಗುವುದು 64.8 ಸಲ. ನೂರಕ್ಕೆ 40 ಸಲ ಮಾತ್ರ ಸರಿ ಹೇಳುವವರಾದರೆ ಅದು 35.2ಕ್ಕೆ ಇಳಿಯುತ್ತದೆ, ಜನ ಹೆಚ್ಚಿದಷ್ಟೂ ಇನ್ನೂ ಕೆಳಗೆ. ಹಾಗಾಗಿ ಚೀಟಿ ಬಂದವರಿಗೆ ಒಂದು ಸಂಜೆ ವೋಚರ್ ಓದುವುದನ್ನು ಕಲಿಸಿ, ಖಜಾಂಚಿ ಆ ಸಂಜೆ ಅಲ್ಲಿರಬಾರದು. ಬಳಿಕ ಮೂವರೂ ಬೇರೆ ಬೇರೆಯಾಗಿ ಪುಸ್ತಕ ನೋಡಿ ತಮ್ಮ ಟಿಪ್ಪಣಿ ಬರೆದಿಟ್ಟು, ಆಮೇಲಷ್ಟೇ ಒಟ್ಟಿಗೆ ಕೂರಬೇಕು.

ಅವಧಿ ಎರಡು ವರ್ಷ ಸಾಕು. ಪರೀಕ್ಷೆಯಲ್ಲಿ ಒಬ್ಬರೇ ಪಾಸಾದರೆ ಆ ಹುದ್ದೆಗೆ ಓಟು ಬೇಡ, ಆದರೆ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿ ಇನ್ನಿಬ್ಬರಿಗೆ ಕಲಿಸುವ ಹೊಣೆ ಅವರಿಗೇ ಹಾಕಿ. ಯಾರೂ ಪಾಸಾಗದಿದ್ದರೆ ಅಂಕ ಇಳಿಸಬೇಡಿ. ಲೆಕ್ಕ ಬರೆಯುವವರನ್ನು ಹೊರಗಿನಿಂದ ಸಂಬಳಕ್ಕೆ ಇಟ್ಟುಕೊಳ್ಳಿ. ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಮಾತ್ರ ಓಟಿನಲ್ಲಿ ಗೆದ್ದ ಇಬ್ಬರ ಕೈಯಲ್ಲೇ ಇರಲಿ. ಇದೆಲ್ಲ ನವೆಂಬರ್ ಒಳಗೆ ಮುಗಿಯಬೇಕು. ತೋಡಿನ ನೀರು ಇಳಿದು ಕಟ್ಟಕ್ಕೆ ಕೈಹಾಕುವ ಹೊತ್ತಿಗೆ ವಂತಿಗೆ ಪುಸ್ತಕ ಯಾರ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿರಬೇಕು.