ನಾವು ಬ್ಯಾಟ್ ಬಿಟ್ಟು ಬಾಲ್‌ಗೆ ದುಡ್ಡು ಹಾಕಿದೆವು

ನಮ್ಮ ಗದಗದಲ್ಲಿ ನಾನು ಕ್ರಿಕೆಟ್ ಕಲಿಸುವ ಇಬ್ಬರು ಹುಡುಗರು ಈ ಸಲ ಧಾರವಾಡ ವಲಯದ 16 ವರ್ಷದೊಳಗಿನ ತಂಡಕ್ಕೆ ಆಯ್ಕೆಯಾದರು. ಇಬ್ಬರ ಬ್ಯಾಟ್ ಮೇಲೂ ಸ್ಪಾನ್ಸರ್ ಸ್ಟಿಕ್ಕರ್ ಇಲ್ಲ. 'ಸ್ಪಾನ್ಸರ್ ಇಲ್ಲದೆ ಈಗ ಏನೂ ಆಗಲ್ಲ ಸರ್' ಎನ್ನುತ್ತಿದ್ದ ಕೋಚ್ ಗೆಳೆಯರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ.

ಸ್ಪಾನ್ಸರ್ ನಮಗೂ ಸಿಕ್ಕಿತ್ತು. ಒಂದು ಕಂಪನಿಯವರು ಐದಾರು ಕಿಟ್ ಕಳಿಸಿದರು. ಬ್ಯಾಟ್ ಎಲ್ಲವೂ ಫುಲ್ ಸೈಜ್, 1,200 ಗ್ರಾಂಗಿಂತ ಜಾಸ್ತಿ ತೂಕ. ನನ್ನ ಹುಡುಗರಿಗೆ ಆಗ ಹನ್ನೆರಡು, ಹದಿಮೂರು ವರ್ಷ. ಅವರಿಗೆ ಬೇಕಿದ್ದದ್ದು ಮಕ್ಕಳ ಅಳತೆಯ 5 ಅಥವಾ 6ನೇ ನಂಬರ್ ಬ್ಯಾಟ್. ಭಾರ ತಡೆಯಲಾಗದೆ ಹಿಡಿಯ ಕೆಳಗಿನ ಕೈ ಜೋರು ಮಾಡಿ ಪ್ರತಿ ಬಾಲನ್ನೂ ಅಡ್ಡ ಎಳೆಯತೊಡಗಿದರು. ನೇರ ಬ್ಯಾಟ್ ಮತ್ತೆ ಬರಲು ಒಂದು ಸೀಸನ್ನೇ ಹಿಡಿಯಿತು. ಮುಂದಿನ ವರ್ಷ ಆ ಕಂಪನಿ ಫೋನೇ ಎತ್ತಲಿಲ್ಲ.

ಆಮೇಲೆ ಪಾಲಕರನ್ನು ಸೇರಿಸಿ ಸುಮಾರು 40 ಸಾವಿರ ಒಟ್ಟು ಮಾಡಿದೆ. ಅದರಲ್ಲಿ ದುಬಾರಿ ಇಂಗ್ಲಿಷ್ ವಿಲೋ ಮರದ ಒಳ್ಳೆಯ ಬ್ಯಾಟ್ ಎರಡು ಬರುತ್ತಿದ್ದವು, ಅಷ್ಟೇ. ನಾನು ತಂದದ್ದು ಪಿಚ್ ಮೇಲೆ ಹಾಸುವ ನಾರಿನ ಮ್ಯಾಟ್, ನಾಲ್ಕು ಡಜನ್ ಲೆದರ್ ಬಾಲ್, ಎರಡು ಸೈಡ್‌ಆರ್ಮ್ (ಬಾಲ್ ಸಿಕ್ಕಿಸಿ ಜೋರಾಗಿ ಎಸೆಯುವ ಉದ್ದ ಹಿಡಿಕೆಯ ಸಾಧನ), ಎರಡು ಹೆಲ್ಮೆಟ್, ಎಲ್ಲರೂ ಹಂಚಿಕೊಳ್ಳಲು ಎರಡು ಅಗ್ಗದ ಕಾಶ್ಮೀರ ವಿಲೋ ಬ್ಯಾಟ್. ಪಾಲಕರು ಮುಖ ಗಂಟು ಹಾಕಿದರು. ಆಗ ಭಾರತಕ್ಕೆ ಆಡಿದ ಸ್ಪಿನ್ನರ್, ನಮ್ಮೂರಿನ ಸುನಿಲ್ ಜೋಶಿಯವರ ಕಥೆ ಹೇಳಿದೆ. ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮುಗಿಸಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ 10 ಓವರ್, 6 ರನ್, 5 ವಿಕೆಟ್!

ಮ್ಯಾಟ್ ಬಹಳ ಕಾಡಿತು. ಒಂದು ಮಳೆಗಾಲವೂ ಬಾಳಲಿಲ್ಲ, ಬಾಲ್ ಹೆಚ್ಚಾಗಿ ಬೀಳುವ ಗುಡ್ ಲೆಂಗ್ತ್ ಜಾಗದಲ್ಲೇ ತೂತು. ಎರಡನೆಯದನ್ನು ಆಗಾಗ ತಿರುವಿ ಹಾಸುತ್ತೇವೆ, ಹಳೆಯದರ ತುಂಡಿನಿಂದ ತೇಪೆ ಹಾಕುತ್ತೇವೆ. ಬಾಲ್‌ಗಳೂ ಬೇಗ ಹಾಳಾದವು. ಈಗ ಹೊಸದು ನೆಟ್ ಬೌಲರ್‌ಗಳಿಗೆ, ಸವೆದದ್ದು ಥ್ರೋಡೌನ್‌ಗೆ (ಕೋಚ್ ಹತ್ತಿರದಿಂದ ಎಸೆದು ಆಡಿಸುವುದು), ಹೊಲಿಗೆ ಬಿಚ್ಚಿದ್ದನ್ನು ಕಾಲುಚೀಲಕ್ಕೆ ಹಾಕಿ ಬೇವಿನ ಮರಕ್ಕೆ ನೇತು ಹಾಕುತ್ತೇವೆ. ಸರದಿ ಕಾಯುವವರು ಅಲ್ಲಿ ಹೊಡೆಯುತ್ತಿರಬೇಕು.

ನಿಜವಾದ ಲಾಭ ಸೈಡ್‌ಆರ್ಮ್‌ನಿಂದ. ಭಾರತ ತಂಡಕ್ಕೆ ಇದರಿಂದಲೇ ಥ್ರೋಡೌನ್ ಹಾಕುವ ರಘು ಕುಮಟಾದವರು, ಅದು ಎಲ್ಲರಿಗೂ ಗೊತ್ತು. ಮೊದಲ ವಾರಗಳಲ್ಲಿ ನನ್ನ ಕೈಯಿಂದ ಬರೀ ಬೀಮರ್, ಅಂದರೆ ನೆಲಕ್ಕೆ ಬೀಳದೆ ನೇರ ಮೈಮೇಲೆ ಬರುವ ಬಾಲ್. ಹೆಲ್ಮೆಟ್ ಇಲ್ಲದೆ ಯಾರೂ ಇದಕ್ಕೆ ಕೈ ಹಾಕಬೇಡಿ. ಹಿಡಿತ ಸಿಕ್ಕಮೇಲೆ, ದಿನಕ್ಕೆ 30-40 ಬಾಲ್ ಆಡುತ್ತಿದ್ದ ಹುಡುಗ ಮರಕ್ಕೆ ಕಟ್ಟಿದ ಬಾಲೂ ಸೇರಿ 250ರ ಹತ್ತಿರ ಆಡತೊಡಗಿದ. ನಮ್ಮ ಸುತ್ತಮುತ್ತ ಇಷ್ಟು ಬಾಲ್ ಆಡಿಸುವ ಕೋಚಿಂಗ್ ನಾನಂತೂ ಕಂಡಿಲ್ಲ.

ಆಸ್ಟ್ರೇಲಿಯಾದ ಬ್ರಾಡ್ಮನ್ ಚಿಕ್ಕವರಿದ್ದಾಗ ಮಾಡಿದ ಹಾಗೆ ಸ್ಟಂಪ್ ಹಿಡಿದು ಗೋಡೆಗೆ ಗಾಲ್ಫ್ ಬಾಲ್ ಹೊಡೆಯುವುದನ್ನೂ ಮಾಡಿಸಿದೆ. ಕಣ್ಣಿಗೆ ಒಳ್ಳೆಯದು, ಮಕ್ಕಳಿಗೂ ಇಷ್ಟ. ಸಿಮೆಂಟ್ ಮೇಲೆ ಒದ್ದೆ ಟೆನಿಸ್ ಬಾಲ್ ಆಡಿಸಿದರೆ ಕೈ ಚುರುಕಾಗುತ್ತದೆ, ಆದರೆ ಮುಂಗಾಲು ಬರುವುದೇ ನಿಂತುಹೋಗುತ್ತದೆ. ಅದನ್ನು ಬಿಟ್ಟೆ. ಮ್ಯಾಟ್ ಕೆಳಗೆ ಒಂದು ಬದಿ ಏನೋ ಹಾಕಿ ಬೌನ್ಸ್ ಬದಲಿಸುತ್ತೇನೆ. ಏನು ಅಂತ ಮುಂದಿನ ಸೆಲೆಕ್ಷನ್ ಮುಗಿಯುವವರೆಗೆ ಹೇಳುವುದಿಲ್ಲ.

ಈಗಿನ ಚಿಂತೆ ಟರ್ಫ್‌ನದು, ಅಂದರೆ ಮ್ಯಾಟ್ ಇಲ್ಲದ ಮಣ್ಣು-ಹುಲ್ಲಿನ ಪಿಚ್‌ನದು. ಮ್ಯಾಟ್‌ನ ಎತ್ತರದ ಬೌನ್ಸ್‌ಗೆ ಒಗ್ಗಿದವರು ಅಲ್ಲಿ ತಗ್ಗಿ ಬರುವ ಬಾಲ್‌ಗೆ ಎಲ್‌ಬಿಡಬ್ಲ್ಯೂ ಆಗುತ್ತಾರೆ. ಈ ವರ್ಷ ಕೂಡಿಸಿದ ದುಡ್ಡು ಹುಬ್ಬಳ್ಳಿಯ ಟರ್ಫ್ ಬಾಡಿಗೆಗೆ ಮತ್ತು ಟೆಂಪೋ ಖರ್ಚಿಗೆ.