ಜಾಮ್ ಆದ ಗ್ಲೋ ಎಂಜಿನ್ ಬಿಚ್ಚುವ ಮುನ್ನ
ಬಳ್ಳಾರಿ, ಸಂಡೂರು ಕಡೆ ಮಾಡೆಲ್ ವಿಮಾನ ಹಾರಿಸೋರಿಗೆ: ಮೂಲೆಗಿಟ್ಟ ಗ್ಲೋ ಎಂಜಿನ್ (ಕಾದ ಪ್ಲಗ್‌ನಿಂದ ಇಂಧನ ಉರಿಸುವ ಪುಟ್ಟ ಎಂಜಿನ್) ತಿರುಗದಿದ್ದರೆ ಪ್ರೊಪೆಲ್ಲರ್ ಹಿಡಿದು ಜಗ್ಗಬೇಡಿ, ಕನೆಕ್ಟಿಂಗ್ ರಾಡ್ ಬಾಗೀತು. ಇಂಧನದಲ್ಲಿನ ಹರಳೆಣ್ಣೆ ಒಣಗಿ ಅಂಟಾಗಿರುತ್ತೆ, ಅಷ್ಟೇ. ಇಂಧನ ಪೂರ್ತಿ ಖಾಲಿ ಮಾಡಿ, ಹೀಟ್ ಗನ್‌ನಿಂದ ಕೈ ತಾಳದಷ್ಟು ಬಿಸಿ ಮಾಡಿ, ಸಡಿಲಾಗುತ್ತೆ.

ಬಿಚ್ಚುವಾಗ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಯಾವ ದಿಕ್ಕಿಗಿತ್ತೆಂದು ಗುರುತು ಹಾಕಿ. ಬೇರಿಂಗ್ ತೆಗೆಯೋಕೆ ಬರೀ ಕ್ರ್ಯಾಂಕ್‌ಕೇಸನ್ನು (ಎಂಜಿನ್‌ನ ಹೊರಕವಚ) ಓವನ್‌ನಲ್ಲಿ 150 ಡಿಗ್ರಿಗೆ ಕಾಯಿಸಿ (ಅಡುಗೆಯ ಓವನ್ ಬೇಡ, ಮನೇಲಿ ಜಗಳ), ಮರದ ಹಲಗೆ ಮೇಲೆ ಕುಟ್ಟಿದರೆ ಹಿಂದಿನ ಬೇರಿಂಗ್ ಉದುರುತ್ತೆ.

ಎಬಿಸಿ ಎಂಜಿನ್‌ನಲ್ಲಿ (ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪಿಸಿದ ಹಿತ್ತಾಳೆ ಲೈನರ್) ಪಿಸ್ಟನ್ ಮೇಲ್ತುದಿಯಲ್ಲಿ ಬಿಗಿಯಾಗೋದು ದೋಷವಲ್ಲ. ಲೈನರ್ ಅಲ್ಲಿ ಕಿರಿದು. ಎಮರಿ ಕಾಗದ ಉಜ್ಜಿದಿರೋ, ಕಂಪ್ರೆಷನ್ ಹೋಯ್ತು. ನಮ್ಮ ಅದಿರಿನ ಕೆಂಪು ಧೂಳೂ ಅದೇ ಕೆಲಸ ಮಾಡುತ್ತೆ. ಹಾರಾಟ ಮುಗಿದ ಕೂಡಲೇ ಕಾರ್ಬ್ಯುರೇಟರ್ ಬಾಯಿ ಬಟ್ಟೆಯಿಂದ ಮುಚ್ಚಿ.