ಮೂಲೆ ಸವೆದಿದ್ದರೂ ಪರವಾಗಿಲ್ಲ, ಮುಖ ಚೆನ್ನಾಗಿರಲಿ

ನನ್ನ ಬಜೆಟ್ಟಿಗೆ ಸಿಗುವ ಹಳೆಯ ಬೇಸ್‌ಬಾಲ್ ಕಾರ್ಡುಗಳಿಗೆಲ್ಲ ಒಂದಲ್ಲ ಒಂದು ಊನ ಇದ್ದೇ ಇರುತ್ತದೆ. ಊನ ಇಲ್ಲದ್ದು ಬೇಕೆಂದರೆ ದುಡ್ಡಿನ ಲೆಕ್ಕವೇ ಬೇರೆ. ಟಾಪ್ಸ್ ಅನ್ನುವ ಕಂಪನಿಯ 1952ರ ಸೆಟ್ಟಿನಲ್ಲಿ ಬಂದ, ಹೆಸರಾಂತ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅದರ ಗ್ರೇಡು, ಅಂದರೆ ಕಾರ್ಡಿನ ಸ್ಥಿತಿ ನೋಡಿ ಕೊಡುವ ಅಂಕ, ಹತ್ತಕ್ಕೆ 9.5. ಅದೇ ಕಾರ್ಡು ಮೂಲೆ ಉರುಟಾಗಿ, ನಡುವೆ ಮಡಿಕೆ ಬಿದ್ದು 1ನೇ ಗ್ರೇಡಿಗೆ ಇಳಿದರೆ ಬೆಲೆ ಅದರ ಹತ್ತಿರಕ್ಕೂ ಬರುವುದಿಲ್ಲ. ಆಗಲೂ ನನ್ನಂಥವರ ಕೈಗೆ ಎಟುಕುವುದಿಲ್ಲ, ಅದು ಬೇರೆ ಮಾತು.

ನಾನಿರುವುದು ಅಮೆರಿಕದ ಕ್ಲೀವ್‌ಲ್ಯಾಂಡ್ ಹತ್ತಿರ. ಸೇರಿಸುವುದು ಟಿ206 ಸೆಟ್ಟಿನ ಈ ಊರಿನ ಆಟಗಾರರನ್ನು, ಜತೆಗೆ 1950ರ ದಶಕದ ಕೆಲವು ಟಾಪ್ಸ್ ಕಾರ್ಡುಗಳನ್ನು. ಟಿ206 ಅಂದರೆ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ ಪುಟ್ಟ ಕಾರ್ಡುಗಳು. ಅಗಲ ಒಂದೂವರೆ ಇಂಚೂ ಇಲ್ಲ. ಅಪ್ಪ ಸಿಗರೇಟ್ ಸೇದುತ್ತಿದ್ದ, ಮಗ ಕಾರ್ಡ್ ಇಟ್ಟುಕೊಳ್ಳುತ್ತಿದ್ದ. ಜೇಬಿಗೆ ತುರುಕಿದರು, ಆಲ್ಬಮ್ಮಿಗೆ ಅಂಟಿಸಿದರು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರು. ನಮ್ಮಲ್ಲೂ ಬಬಲ್ ಗಮ್ ಜತೆ ಬಂದ ಕ್ರಿಕೆಟ್ ಆಟಗಾರರ ಚಿತ್ರಗಳಿಗೆ ನಾವು ಮಾಡಿದ್ದು ಇದನ್ನೇ ಅಲ್ವಾ?

ಈ ರಬ್ಬರ್ ಬ್ಯಾಂಡಿನ ಪ್ರತಾಪ ನೋಡಬೇಕೆಂದರೆ ಆಂಡಿ ಪ್ಯಾಫ್ಕೊ ಕಾರ್ಡ್ ನೋಡಬೇಕು. 1952ರ ಟಾಪ್ಸ್‌ನಲ್ಲಿ ಅದು 1ನೇ ನಂಬರ್. ಹುಡುಗರು ನಂಬರ್ ಪ್ರಕಾರ ಜೋಡಿಸಿ ಕಟ್ಟುತ್ತಿದ್ದರು, ಮೇಲಿದ್ದ ಪ್ಯಾಫ್ಕೊಗೆ ಎಲ್ಲ ಏಟೂ ಬೀಳುತ್ತಿತ್ತು. ಅವನು ಒಳ್ಳೆಯ ಆಟಗಾರನೇ, ಆದರೆ ಮ್ಯಾಂಟಲ್ ಅಲ್ಲ. ಆದರೂ 10ನೇ ಗ್ರೇಡಿನ ಪ್ಯಾಫ್ಕೊ 1998ರಲ್ಲಿ 80 ಸಾವಿರ ಡಾಲರಿಗೂ ಜಾಸ್ತಿ ಬೆಲೆಗೆ ಹೋಯಿತು. ಅಲ್ಲಿ ಜನ ಕೊಂಡದ್ದು ಆಟಗಾರನನ್ನಲ್ಲ, ಏಟು ತಿನ್ನದ ಕಾಗದವನ್ನು.

ಎಲ್ಲ ಊನಕ್ಕೂ ಒಂದೇ ತೂಕ ಇಲ್ಲ. ಗ್ರೇಡ್ ಕೊಡುವವರು ಎಲ್ಲವನ್ನೂ ಕೂಡಿಸಿ ಒಂದು ನಂಬರ್ ಬರೆಯುತ್ತಾರೆ. ನಾನು ಊನ ಎಲ್ಲಿದೆ ಅನ್ನುವುದನ್ನು ಮೊದಲು ನೋಡುತ್ತೇನೆ. ನಾಲ್ಕೂ ಮೂಲೆ ಒಂದೇ ಸಮ ಸವೆದಿದ್ದರೆ ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಮಡಿಕೆ ಬಿಳಿ ಅಂಚಿನಲ್ಲಿದ್ದರೆ ಸಹಿಸಬಹುದು, ಆಟಗಾರನ ಮೂಗಿನ ಮೇಲೆ ಹಾದುಹೋದರೆ ಬೇಡವೇ ಬೇಡ. ಚಿತ್ರ ಒಂದು ಕಡೆಗೆ ಸರಿದು ಅಚ್ಚಾಗಿದ್ದರೂ ನನಗೆ ಆಗುವುದಿಲ್ಲ. ಮೂಲೆ ಚೂಪಾಗಿದ್ದು ಸೆಂಟರಿಂಗ್ ಕೆಟ್ಟಿರುವ ಕಾರ್ಡಿಗಿಂತ ಮೂಲೆ ಉರುಟಾದರೂ ಚಿತ್ರ ನಡುವೆ ಕೂತಿರುವ ಕಾರ್ಡ್ ಎಷ್ಟೋ ವಾಸಿ. ಗ್ರೇಡ್ ನಂಬರ್ ಬೇಕಾದರೆ ಉಲ್ಟಾ ಹೇಳಲಿ.

ನನಗೆ ನಿಜವಾದ ಲಾಭ ಇರುವುದು ಕಾರ್ಡಿನ ಬೆನ್ನಲ್ಲಿ. ಆಲ್ಬಮ್ಮಿನಿಂದ ಕಿತ್ತಾಗ ಹಿಂದಿನ ಕಾಗದ ಪದರ ಹರಿದಿರುತ್ತದೆ. ಅಷ್ಟಕ್ಕೇ ಗ್ರೇಡ್ 1ಕ್ಕೆ ಬಿದ್ದುಬಿಡುತ್ತದೆ. ಮುಂದಿನಿಂದ ನೋಡಿದರೆ 4 ಅಥವಾ 5ರ ಹಾಗೆ ಹೊಳೆಯುತ್ತಿರುತ್ತದೆ. ನನ್ನ ಬಳಿ ಇರುವ ನ್ಯಾಪ್ ಲಾಜೊಯಿ ಅಂಥದ್ದೇ. ಹಿಂದೆ ಸಿಗರೇಟಿನ ಜಾಹೀರಾತು ಅರ್ಧಕ್ಕರ್ಧ ಹೋಗಿದೆ. ಮುಂದೆ ಬಣ್ಣ ಒಂದಿಷ್ಟೂ ಮಾಸಿಲ್ಲ. ಒಂದು ಎಚ್ಚರಿಕೆ: ಟಿ206ರಲ್ಲಿ ಕೆಲವು ಸಿಗರೇಟ್ ಬ್ರ್ಯಾಂಡುಗಳ ಹೆಸರಿರುವ ಬೆನ್ನು ಬಲು ಅಪರೂಪ, ಅದಕ್ಕೇ ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಅಂಥ ಕಾರ್ಡಿನಲ್ಲಿ ಬೆನ್ನು ಹರಿದರೆ ಇದ್ದ ಬೆಲೆಯೇ ಹೋದ ಹಾಗೆ.

ಹಿಂದೆ ಇನ್ನೂ ಆಲ್ಬಮ್ಮಿನ ಕಾಗದ ಅಂಟಿಕೊಂಡಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕುತ್ತೇನೆ. ಟಿ206ರ ಶಾಯಿ ಗಟ್ಟಿ, ನೀರಿಗೆ ಬಿಡುವುದಿಲ್ಲ. ಅಂಟು ತಾನಾಗಿ ಬಿಡುವ ತನಕ ಕಾಯಬೇಕು, ಎಳೆಯಬಾರದು. ಆಮೇಲೆ ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರುವುದು. ಬರಿ ನೀರಾದರೆ ತಪ್ಪಿಲ್ಲ ಅನ್ನುವವರೇ ಜಾಸ್ತಿ. ಬ್ಲೀಚ್ ಹಾಕಿದರೆ ಅದು ಮೋಸ. 1950ರ ದಶಕದ ಟಾಪ್ಸ್ ಕಾರ್ಡುಗಳನ್ನು ಮಾತ್ರ ನಾನು ನೀರಿಗೆ ಹಾಕುವುದಿಲ್ಲ.

ಕಾರ್ಖಾನೆಯಲ್ಲೇ ಆದ ತಪ್ಪಿನ ಕಥೆ ಇನ್ನೂ ಮಜಾ. ಟಿ206ರಲ್ಲಿ ಶೆರ್ರಿ ಮಗೀ ಅನ್ನುವವನ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿ ಅಚ್ಚಾಯಿತು, ಬೇಗನೆ ತಿದ್ದಿದರು. ತಪ್ಪಿರುವ ಕಾರ್ಡೇ ಈಗ ಆ ಸೆಟ್ಟಿನ ದುಬಾರಿ ಕಾರ್ಡುಗಳಲ್ಲೊಂದು. 1957ರ ಟಾಪ್ಸ್‌ನಲ್ಲಿ ಹ್ಯಾಂಕ್ ಆರನ್ ಫೋಟೊ ತಿರುಗುಮುರುಗಾಗಿ, ಬಲಗೈ ಆಟಗಾರ ಎಡಗೈಯವನಾದ. ಅದನ್ನು ತಿದ್ದಲೇ ಇಲ್ಲ, ಇರುವ ಕಾರ್ಡುಗಳೆಲ್ಲ ಹಾಗೇ. ಆದ್ದರಿಂದ ಅದಕ್ಕೆ ತಪ್ಪಿನ ಹೆಸರಲ್ಲಿ ಜಾಸ್ತಿ ಕೇಳಿದರೆ ಕೊಡಬೇಡಿ. 1971ರ ಟಾಪ್ಸ್‌ಗೆ ಕಪ್ಪು ಅಂಚು. ಮುಟ್ಟಿದರೆ ಸಾಕು ಬಣ್ಣ ಉದುರಿ ಬಿಳಿ ಕಾಣುತ್ತದೆ. ಆ ಸೆಟ್ಟಿನಲ್ಲಿ ಅಂಚು ಪೂರ್ತಿ ಕಪ್ಪಾಗಿದ್ದರೆ ನಾನು ಖುಷಿಪಡುವ ಮೊದಲು ಅನುಮಾನ ಪಡುತ್ತೇನೆ, ಯಾರಾದರೂ ಮಾರ್ಕರ್ ಪೆನ್ನಿನಲ್ಲಿ ತುಂಬಿರಬಹುದು.

ಇಂಥ ರಿಪೇರಿಗಳೇ ನನಗೆ ಆಗದ ವಿಷಯ. ಅಂಚು ಕತ್ತರಿಸಿ ಚೂಪು ಮಾಡುವುದು ಎಲ್ಲಕ್ಕಿಂತ ಹಳೆಯ ಚಾಳಿ. ತುಂಬ ಹೆಸರಾದ ಟಿ206 ಹೋನಸ್ ವ್ಯಾಗ್ನರ್ ಕಾರ್ಡಿಗೇ 8ನೇ ಗ್ರೇಡ್ ಸಿಕ್ಕಿತ್ತು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಒಂದು ಕಾಲಕ್ಕೆ ಅದರ ಒಡೆಯ. ಅದರ ಅಂಚು ತಾನೇ ಕತ್ತರಿಸಿದ್ದು ಎಂದು ಹರಾಜು ವ್ಯಾಪಾರಿ ಬಿಲ್ ಮ್ಯಾಸ್ಟ್ರೊ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ.

ಅದಕ್ಕೇ ಕಾರ್ಡ್ ಶೋಗೆ ಹೋಗುವಾಗ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಸಣ್ಣ ಟಾರ್ಚ್, ಅದೇ ಸೆಟ್ಟಿನ ಅಗ್ಗದ ಅಸಲಿ ಕಾರ್ಡೊಂದು ಜೇಬಿನಲ್ಲಿರುತ್ತವೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ಅಳತೆ ಗೊತ್ತಾಗುತ್ತದೆ. ನೂರು ವರ್ಷ ಹಳೆಯ ಕಾರ್ಡಿನ ಮೂಲೆ ಸವೆದು, ಅಂಚು ಮಾತ್ರ ಈಗ ತಾನೇ ಬ್ಲೇಡ್ ಹಾಕಿದ ಹಾಗಿದ್ದರೆ ಸುಮ್ನೆ ವಾಪಸ್ ಕೊಡುತ್ತೇನೆ. ಟಾರ್ಚನ್ನು ಓರೆಯಾಗಿ ಹಿಡಿದರೆ ನೇರ ಬೆಳಕಿನಲ್ಲಿ ಕಾಣದ ಸಣ್ಣ ಸುಕ್ಕು ಎದ್ದು ಕಾಣುತ್ತದೆ. ಕಪ್ಪು ಬೆಳಕಿನ (ಅಲ್ಟ್ರಾವಯಲೆಟ್) ದೀಪವೂ ಇದೆ. ಟಿ206 ಕಾಲದ ಕಾಗದ ಅದರಡಿ ಮಂಕಾಗಿರುತ್ತದೆ, ಈಚಿನ ಬಿಳಿ ಕಾಗದದ ನಕಲಿ ನೀಲಿಯಾಗಿ ಹೊಳೆಯುತ್ತದೆ.

ಈಗ ಹುಡುಕುತ್ತಿರುವುದು ಆಡಿ ಜಾಸ್ ಕಾರ್ಡ್. ಕ್ಲೀವ್‌ಲ್ಯಾಂಡಿನ ಪಿಚರ್ (ಚೆಂಡು ಎಸೆಯುವವನು), 1911ರಲ್ಲಿ 31ನೇ ವಯಸ್ಸಿಗೇ ತೀರಿಕೊಂಡವನು. ಕಳೆದ ಶೋನಲ್ಲಿ ಒಂದು ಸಿಕ್ಕಿತ್ತು. ಹಿಂದೆ ಯಾವನೋ ಹುಡುಗ ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದಿದ್ದ. ನನಗೆ ಅದು ಊನವೇ ಅಲ್ಲ. ಮಾರುವವನಿಗೂ ಅಲ್ಲ ಅಂತ ಕಾಣುತ್ತದೆ, ಅದಕ್ಕೆ ಒಂದು ಡಾಲರೂ ಕಡಿಮೆ ಮಾಡಲಿಲ್ಲ.